ಕಡಲು ತೋರಿಸಿದ ಬೆಳಿಗ್ಗೆ

"ಈ ಗೆರೆಗಳು ನೆಟ್ಟಗೆ ಕಾಣ್ತವಾ?" ಡಾಕ್ಟರ್ ಕುರಹಾಶಿ ಕೇಳಿದರು. ಮೊರಿಹಿಕೊ ಚೌಕಳಿ ಹಾಳೆಯನ್ನು ಮೂಗಿನ ತನಕ ತಂದುಕೊಂಡ.

"ಯಾವ ಗೆರೆ?"

ಪಕ್ಕದಲ್ಲಿದ್ದ ಹೆಂಡತಿ ಫುಮಿಯೆ ಹಾಳೆಯತ್ತ ಬಗ್ಗಿ ನೋಡಿದಳು; ಗೆರೆಗಳು ಸ್ಪಷ್ಟವಾಗಿಯೇ ಇದ್ದವು. ತಲೆನೋವು, ಕಿವಿಯಲ್ಲಿ ಗುಂಯ್‌ಗುಟ್ಟುತ್ತದೆ ಎಂದಷ್ಟೇ ಅವನು ಮನೆಯಲ್ಲಿ ಹೇಳಿದ್ದ.

"ಇದು ಹರಾದಾ ಕಾಯಿಲೆ," ಎಂದರು ಡಾಕ್ಟರ್. "ಉರಿಯೂತ ಆಗಿ, ನೀರು ತುಂಬಿ, ಎರಡೂ ಕಣ್ಣಿನ ಒಳಪದರ ಎದ್ದುಬಂದಿದೆ. ನಿಮಗೆ ಸಕ್ಕರೆ ಕಾಯಿಲೆ ಇರೋದ್ರಿಂದ ಸ್ಟೀರಾಯ್ಡನ್ನ ರಕ್ತಕ್ಕೆ ಬಿಡೋದಿಲ್ಲ, ಕಣ್ಣಿನ ಹಿಂದಕ್ಕೇ ಚುಚ್ತೀನಿ. ಮಬ್ಬಾಗಿ ಎಷ್ಟು ದಿನ ಆಯ್ತು?"

"ವಾರ ಆಗಿರಬಹುದು."

ಫುಮಿಯೆ ಅವನತ್ತ ತಿರುಗಿದಳು. "ನಿನ್ನೆವರೆಗೂ ಶಿಶುವಿಹಾರದ ಬಸ್ ಓಡಿಸಿದ್ರಲ್ಲ?"

"ಆ ದಾರಿ ನನ್ನ ಕೈಗೇ ಗೊತ್ತು ಕಣೆ. ರಜೆ ಹಾಕಿದ್ರೆ ಇನ್ಯಾರನ್ನೋ ಕೂರಿಸಿಬಿಡ್ತಾರೆ."

"ಒಳಗೆ ಮಕ್ಕಳಿದ್ರು, ರೀ."

ಕಣ್ಣಿಗೆ ಮರಗಟ್ಟಿಸುವ ಹನಿ ಬಿತ್ತು. ಸೂಜಿ ಗುಡ್ಡೆಯ ಪಕ್ಕದಿಂದ ಹಿಂದಕ್ಕೆ ಸರಿದಾಗ ನೋವಿಗಿಂತ ಹೆಚ್ಚಾಗಿ ಒಳಗಿನಿಂದ ಯಾರೋ ಒತ್ತಿದಂತಾಯಿತು. ಮೊರಿಹಿಕೊ ಹೆಂಡತಿಯ ಕೈಗಾಗಿ ತಡಕಾಡಿದ. ಫುಮಿಯೆ ಕೈ ಕೊಡಲಿಲ್ಲ.

ಔಷಧ ಹಿಡಿಯಿತು. ನೀರು ಮೆಲ್ಲಮೆಲ್ಲಗೆ ಇಂಗುತ್ತಾ ಬಂದು, ಎದುರಿಗಿದ್ದವರ ಮೂಗು, ಬಾಯಿ ಬೇರೆಬೇರೆಯಾಗಿ ಕಾಣತೊಡಗಿದವು. ಬಸ್ಸಿನಲ್ಲಿ ಮಕ್ಕಳ ಜೊತೆ ಬರುತ್ತಿದ್ದ ಟೀಚರ್ ಚಿಗುಸಾ ಒಂದು ಮಧ್ಯಾಹ್ನ ಅವನನ್ನು ನೋಡಲು ಮನೆಗೆ ಬಂದಳು. ಅವನ ಕಣ್ಣು ಇದ್ದಕ್ಕಿದ್ದಂತೆ ಕೆಟ್ಟಿತು ಎಂದೇ ಅವಳು ತಿಳಿದಿದ್ದಳು.

"ಬಸ್ ಮಾಮ ಮತ್ತೆ ಯಾವಾಗ ಕಡಲು ತೋರಿಸ್ತಾರೆ ಅಂತ ಮಕ್ಕಳು ನನ್ನ ಜೀವ ತಿಂತಿವೆ."

"ಯಾವ ಕಡಲು?"

"ಮರೆತ್ರಾ? ನೀವು ಬಂದಿದ್ದ ಕೊನೇ ದಿನ. ಬಂಡೆ ತಿರುವಿನಲ್ಲಿ, ತಡೆಗೋಡೆ ಮುರಿದಿದೆಯಲ್ಲ, ಅಲ್ಲಿ ಅಂಚಿಗೇ ತಂದು ನಿಲ್ಲಿಸಿದ್ರಿ. ಬಾಗಿಲ ಕಡೆ ಕಿಟಕಿಯಿಂದ ಬಗ್ಗಿದ್ರೆ ಕೆಳಗೆ ಬರೀ ನೀರು. ನನಗೂ ಎದೆ ಝಲ್ ಅಂತು. ಸ್ಟೀರಿಂಗ್ ನಿಮ್ಮ ಕೈಲಿದೆಯಲ್ಲ ಅಂತ ಸುಮ್ಮನಾದೆ. ಮಕ್ಕಳು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಸಾಕು, ಶಿಶುವಿಹಾರಕ್ಕೆ ಹೊತ್ತಾಯ್ತು ಅಂತ ನಾನಂದ ಮೇಲೇ ನೀವು ಹೊರಟಿದ್ದು."

ಆ ಚಪ್ಪಾಳೆ ಅವನಿಗೆ ನೆನಪಿತ್ತು. ಶಿಶುವಿಹಾರದ ಗೇಟಿಗೆ ಬಂದೆವೆಂದು ಮಕ್ಕಳು ತಟ್ಟುತ್ತಿವೆ ಎಂದುಕೊಂಡಿದ್ದ. ಫುಮಿಯೆ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದಳು.

ಮೊರಿಹಿಕೊ ಚಿಗುಸಾಳತ್ತ ಬಗ್ಗಿದ. "ಬಾಗಿಲು... ನಾನು ಬಾಗಿಲು ತೆಗೆದೆನಾ?"

"ತೆಗೆದ್ರಿ," ಎಂದು ನಕ್ಕಳು ಚಿಗುಸಾ. "ಮಕ್ಕಳು ಬ್ಯಾಗು ಹಾಕ್ಕೊಂಡು ಎದ್ದೂ ಬಿಟ್ಟಿದ್ವು."