ಕ್ಲೈಮ್ಯಾಕ್ಸ್ ನೋಡಿದವನು

ಪ್ರಬಂಧ ಇವತ್ತು ಸಂಜೆಯೊಳಗೆ ವಿಶ್ವವಿದ್ಯಾಲಯ ಸೇರದಿದ್ದರೆ ಯತೀಶನ ಎಂ.ಡಿ. ಪರೀಕ್ಷೆ ಇನ್ನೊಂದು ವರ್ಷ ಮುಂದಕ್ಕೆ. ಅವನ ಗೈಡ್ ಡಾಕ್ಟರ್ ಪಂಚಾಕ್ಷರಿ ಮಾತ್ರ ಸಹಿ ಹಾಕಲು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ.

"ಮಂಡಿನೋವಿನ ಮಾತ್ರೆ ಬಗ್ಗೆ ಬರ್ದಿದೀಯ. ಉಲ್ಲೇಖದ ಪಟ್ಟೀಲಿ ನನ್ನ ಪೇಪರ್ರೇ ಇಲ್ವಲ್ಲೋ!"

"ನಿಮ್ಮ ಮಾನ ಉಳ್ಸೋಕೇ ಬಿಟ್ಟೆ ಸರ್."

"ಏನಂದೆ? ಆ ಮಾತ್ರೆ ಕೆಲಸ ಮಾಡತ್ತೆ ಅನ್ನೋಕೆ ಇನ್ನೂರು ಜನ ಡಾಕ್ಟರುಗಳು ನನ್ನ ಪೇಪರನ್ನೇ ಉಲ್ಲೇಖಿಸಿದಾರೆ. ನೀನೊಬ್ಬ ದೊಡ್ಡ ಹೀರೋನಾ?"

"ಇನ್ನೂರು ಜನಾನೂ ಟ್ರೈಲರ್ ನೋಡಿ ವಿಮರ್ಶೆ ಬರ್ದವ್ರೆ ಸರ್. ನಾನು ಕ್ಲೈಮ್ಯಾಕ್ಸ್‌ವರೆಗೂ ಕೂತಿದ್ದೆ."

ಡೈಲಾಗ್ ಹೊಡೆದು ಯತೀಶ ಗೈಡ್ ಬರೆದ ಪೇಪರಿನ ಕೊನೇ ಪುಟ ತೆಗೆದು ಅವರ ಮುಂದಿಟ್ಟ. ಆ ಮಾತ್ರೆಗೂ ಸಕ್ಕರೆ ಗುಳಿಗೆಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು.

ಪಂಚಾಕ್ಷರಿಯವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಹಣೆಯ ಬೆವರು ಒರೆಸಿಕೊಂಡರು. ಗಡಿಬಿಡಿಯಲ್ಲಿ ಪ್ರಬಂಧಕ್ಕೆ ಸಹಿ ಗೀಚಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಯಾವನಯ್ಯಾ ಇದನ್ನ ನಂಗೆ ಬರ್ಕೊಟ್ಟೋನು?"