ತಂಗಳು ಸಾವು

ತನ್ನ ಹೆಣಕ್ಕೆಂದು ಬಂದ ಸೇವಂತಿಗೆ ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಚನ್ನಮಲ್ಲಯ್ಯ, ಮಿಡಿಗೇಶಿ ಬಸ್ ಸ್ಟ್ಯಾಂಡಿನ ಎದುರಿದ್ದ ಪ್ರಸನ್ನ ಕುಮಾರನ ಇಂಟರ್ನೆಟ್ ಅಂಗಡಿಗೆ ನುಗ್ಗಿದ.

"ಲೇ ಪ್ರಸನ್ನ, ನೋಡ್ಲಾ ಇಲ್ಲಿ. ಪಾವಗಡದಿಂದ ಯಾರೋ ಪೆದ್ದಣ್ಣ ಅಂತೆ, ನನ್ನ ಪುಡಿ ತಗೊಳಾಕೆ ಬಂದೋನು. ಬಸ್ಸಿಳಿದು ಫೋನ್ ನೋಡ್ದ, 'ಅಯ್ಯೋ ಪಾಪಂ' ಅಂದ, ಈ ಹಾರ ಕೊಂಡು ನನ್ನ ಕೈಗೇ ಕೊಟ್ಟ. ಸತ್ತೋರ ಮನೆಗೆ ತಲುಪಿಸ್ಬುಡಪ್ಪ ಅಂದು ವಾಪಸ್ ಬಸ್ ಹತ್ಕೊಂಡು ಹೊಂಟೋದ."

ಚನ್ನಮಲ್ಲಯ್ಯನದು ನಾಟಿ ಔಷಧಿಯ ಕಸುಬು. ಅವನ 'ನೂರು ವರ್ಷದ ಪುಡಿ'ಗೆ ಆ ಕಡೆ ಪಾವಗಡ, ಈ ಕಡೆ ಮಧುಗಿರಿಯಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ನೂರು ವರ್ಷ ಬದುಕಿಸುತ್ತೇನೆ ಅನ್ನುವವನೇ ಅರವತ್ತಕ್ಕೆ ಗೊಟಕ್ ಅಂದರೆ ಆ ಪುಡಿಯನ್ನು ಯಾರು ಮೂಸಿ ನೋಡುತ್ತಾರೆ? ತಪ್ಪೆಲ್ಲ ಪ್ರಸನ್ನನದು. ಊರಿಗೆ ವೈಫೈ ಕೊಡುವುದು ಸಾಲದೆಂದು, ಅದನ್ನು ಹಾಕಿದವರ ಫೋನಿನಲ್ಲಿ ಮೊದಲು ತೆರೆದುಕೊಳ್ಳುವ ಸುದ್ದಿಯ ಪುಟವೊಂದನ್ನೂ ನಡೆಸುತ್ತಿದ್ದ. ಪುರವರದ ಕಡೆ ಇನ್ನೊಬ್ಬ ಚನ್ನಮಲ್ಲಯ್ಯ ತೀರಿಕೊಂಡಾಗ ಹಿಂದೆಮುಂದೆ ನೋಡದೆ ಈ ಚನ್ನಮಲ್ಲಯ್ಯನ ಫೋಟೋ ಹಾಕಿ 'ನಾಟಿ ವೈದ್ಯರ ಅಕಾಲಿಕ ನಿಧನ' ಎಂದು ಬರೆದುಬಿಟ್ಟಿದ್ದ. ಫೋಟೋ ಆದರೂ ಈಗಿನದೇ? ಕಪ್ಪು ಮೀಸೆ, ತಲೆ ತುಂಬ ಕೂದಲು, ಯಾವ ಕಾಲದ್ದೋ.

"ದೊಡ್ಡಪ್ಪ, ಅವತ್ತೇ ತಿದ್ದಿದೀನಿ. ಕ್ಷಮೆನೂ ಕೇಳಿದೀನಿ" ಎಂದ ಪ್ರಸನ್ನ. "ಪಾವಗಡದಲ್ಲಿ ನೋಡಿದ್ರೆ ನೀವು ಬದುಕೇ ಇದೀರ. ನಮ್ಮ ವೈಫೈನಲ್ಲಿ ಮಾತ್ರ ಇನ್ನೂ ಹೋಗ್ಬುಟ್ಟಿದೀರ."

"ಅದೆಂಗ್ಲಾ?"

ಪ್ರಸನ್ನ ಮೂಲೆಯಲ್ಲಿ ಗುಯ್‌ಗುಡುತ್ತಿದ್ದ ಕರಿ ಪೆಟ್ಟಿಗೆಯನ್ನು ತೋರಿಸಿದ. "ಮಧುಗಿರಿಯಿಂದ ಬರೋ ಲೈನು ಸಣ್ಣದು. ನಲ್ಲಿ ನೀರು ಸಣ್ಣಕ್ಕೆ ಬಂದ್ರೆ ನೆಲದ ಸಂಪಿನಲ್ಲಿ ತುಂಬಿಟ್ಕೊಳಲ್ವಾ, ಅಂಗೆ. ಒಬ್ರು ನೋಡಿದ್ದನ್ನ ಈ ಪೆಟ್ಟಿಗೆ ಎತ್ತಿಟ್ಕೊಳುತ್ತೆ. ಆಮೇಲೆ ಯಾರು ಕೇಳಿದ್ರೂ ಮಧುಗಿರಿಗೆ ಹೋಗಲ್ಲ, ಇಟ್ಕೊಂಡಿದ್ದನ್ನೇ ಕೊಡುತ್ತೆ. ಅದಕ್ಕೇ ನಮ್ಮೂರಲ್ಲಿ ನೆಟ್ಟು ಅಷ್ಟು ಸ್ಪೀಡು."

"ಅಂದ್ರೆ ತಂಗಳು."

"ಹೂಂ, ಒಂಥರಾ ತಂಗಳೇ."

"ಊರಿಗೆಲ್ಲ ನನ್ನ ತಂಗಳು ಸಾವು ಬಡಿಸ್ತಾ ಕೂತಿದೀಯ. ಪಾವಗಡದಲ್ಲಿ ಬಸ್ ಹತ್ತೋ ಗಂಟ ಬದುಕಿರ್ತೀನಿ, ಜನ ಇಲ್ಲಿಳಿದು ನಿನ್ನ ಪುಗಸಟ್ಟೆ ವೈಫೈ ಹಾಕಿದ್ ಕೂಡ್ಲೆ ಸಾಯ್ತೀನಿ. ಆ ಸಂಪು ತೊಳೀಲಾ ಮೊದ್ಲು."

ಪ್ರಸನ್ನ ತಲೆ ಕೆರೆದುಕೊಂಡ. ನಿಮ್ಮದೊಂದನ್ನೇ ಹುಡುಕಿ ತೆಗೆಯೋಕೆ ನನಗೆ ಬರಲ್ಲ, ತೊಳೆದರೆ ಪೂರ್ತಿ ತೊಳೀಬೇಕು, ಮತ್ತೆ ತುಂಬೋದು ನಾಳೆಗೇ ಎಂದ. ಚನ್ನಮಲ್ಲಯ್ಯನ ಮುಖ ನೋಡಿ ಅವನಿಗೂ ಅಯ್ಯೋ ಅನಿಸಿತು. ಹಾಳಾಗಲಿ ಎಂದು ಕಂಪ್ಯೂಟರಿನ ಮುಂದೆ ಕೂತು ಮೌಸ್ ಹಿಡಿದ. ಅಷ್ಟರಲ್ಲಿ ಅಂಗಡಿಯ ಬಾಗಿಲು ಕತ್ತಲಾಯಿತು. ಚನ್ನಮಲ್ಲಯ್ಯನ ಹೆಂಡತಿ ಕೊಲ್ಲಾಪುರಮ್ಮ ಬಂದು ನಿಂತಿದ್ದಳು, ಹಿಂದೆ ಬೀದಿಯ ಅರ್ಧ ಹೆಂಗಸರು.

"ಮುಟ್ಟಿದ್ರೆ ನೋಡು ಪ್ರಸನ್ನ" ಅಂದಳು ಕೊಲ್ಲಾಪುರಮ್ಮ. "ನೆನ್ನೆ ಕರೆಂಟ್ ಹೋಗಿ ಸೀರಿಯಲ್ ಯಾರೂ ನೋಡಿಲ್ಲ. ಆ ಕಂತು ನೀನೇ ಬೆಳಗ್ಗೆ ತರಿಸಿ ಪೆಟ್ಟಿಗೇಲಿ ಇಟ್ಟಿದೀಯ, ಸಂಜೆಗೆ ಎಲ್ರೂ ನೋಡ್ತೀವಿ ಅಂತ ಕಾಯ್ತಾ ಇದೀವಿ."

"ಲೇ, ನಾನಿಲ್ಲಿ ಸತ್ತಿದೀನಿ ಕಣೆ!" ಅಂದ ಚನ್ನಮಲ್ಲಯ್ಯ.

"ಗೊತ್ತು ಕಣ್ರೀ. ಒಂದಿನ ಸತ್ತಿರಿ, ಏನಾಯ್ತದೆ? ನಾಳೆ ಬದುಕ್ಕಳಿ. ಆ ಹುಡುಗಿ ಬಾವಿಗೆ ಬಿದ್ದಳಲ್ಲ, ಅವಳು ಉಳಿದ್ಲಾ ಇಲ್ವಾ ಅಂತ ತಿಳೀದೆ ನಮಗೆ ಅನ್ನ ಇಳೀತಿಲ್ಲ."

ಚನ್ನಮಲ್ಲಯ್ಯನಿಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ವರ್ಷ ಬಾಳ್ವೆ ಮಾಡಿದವಳಿಗೆ ಗಂಡನಿಗಿಂತ ಬಾವಿಗೆ ಬಿದ್ದ ಆ ಸೀರಿಯಲ್ ಸೊಸೆಯೇ ಹೆಚ್ಚಾದಳಲ್ಲ! "ನನ್ನ ವ್ಯಾಪಾರ ಮುಳುಗೋಯ್ತಾ ಐತಲ್ಲೇ" ಎಂದು ಗೊಣಗಿದ.

"ಭಾರೀ ವ್ಯಾಪಾರ. ಊರಿಗೆಲ್ಲ ತಿನ್ನಿಸ್ತೀರ, ಕಹಿ ಅಂತ ನೀವು ಒಂದಿನನಾದ್ರೂ ಆ ಪುಡಿ ನಾಲ್ಗೆ ಮೇಲೆ ಇಟ್ಕೊಂಡಿದೀರಾ?" ಎಂದು ಕೊಲ್ಲಾಪುರಮ್ಮ ಎಲ್ಲರೆದುರೇ ಮಾನ ಕಳೆದಳು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪ್ರಸನ್ನ ಮೌಸ್ ಬಿಟ್ಟು ಕೈಕಟ್ಟಿ ಕೂತ.

ಊರೇ ಒಂದು ಕಡೆ ಆದ ಮೇಲೆ ಬದುಕಿರುವವನ ಮಾತು ಎಲ್ಲಿ ನಡೆಯುತ್ತದೆ? ಚನ್ನಮಲ್ಲಯ್ಯ ಪುಡಿಯ ಚೀಲವನ್ನು ಬಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಂದು ಕೂತ. ಹಾರವನ್ನು ಎಸೆಯಲು ಮನಸ್ಸು ಬರದೆ ತೊಡೆಯ ಮೇಲೇ ಇಟ್ಟುಕೊಂಡ. ಹೂವೇನೋ ಚೆನ್ನಾಗಿತ್ತು.

ಪಾವಗಡದ ಬಸ್ಸು ಬಂತು. ಇಳಿದವನೊಬ್ಬ ಫೋನ್ ತೆಗೆದ, ನೋಡಿದ, ಲೊಚಗುಟ್ಟಿದ. ಆಮೇಲೆ ಬೆಂಚಿನ ಮೇಲಿದ್ದ ಮುಖವನ್ನೂ, ಫೋನಿನಲ್ಲಿದ್ದ ಕಪ್ಪು ಮೀಸೆಯ ಮುಖವನ್ನೂ, ತೊಡೆಯ ಮೇಲಿದ್ದ ಹಾರವನ್ನೂ ಒಂದೊಂದಾಗಿ ನೋಡಿದ.

"ಸತ್ತೋರು ನಿಮ್ಮ ತಮ್ಮನಾ ಯಜಮಾನ್ರೆ?"

ಚನ್ನಮಲ್ಲಯ್ಯ ಪ್ರಸನ್ನನ ಅಂಗಡಿಯ ಕಡೆ ಒಮ್ಮೆ ನೋಡಿದ. "ಹೂಂ ಕಣಪ್ಪ."

"ನೂರು ವರ್ಷದ ಪುಡಿ ಮಾರೋರು ಇಷ್ಟ್ ಬೇಗ ಹೆಂಗ್ ಹೋದ್ರು?"

ಚನ್ನಮಲ್ಲಯ್ಯ ಚೀಲದಿಂದ ಒಂದು ಪೊಟ್ಟಣ ತೆಗೆದು ಅವನ ಅಂಗೈಯಲ್ಲಿಟ್ಟ.

"ಕಹಿ ಅಂತ ಅವನು ಇದನ್ನ ತಿಂತಾನೇ ಇರ್ಲಿಲ್ಲ."