ಗೂಡಿನಲ್ಲಿಟ್ಟ ಚೆಂಬು

ಏಸಿ ಮೆಕ್ಯಾನಿಕ್ ನಾಲ್ಕನೆಯ ಸಲ ಏಣಿ ಹೊತ್ತು ಕಚೇರಿಗೆ ಬಂದಾಗ, ಟೈಪಿಸ್ಟ್ ಅಕ್ಕ ಗೋಡೆಯ ಗೂಡಿನ ಮುಂದೆ ನಿಂತು ಬಿಸಿನೀರಿನ ಚೆಂಬಿಗೆ ಎರಡೂ ಅಂಗೈ ಒತ್ತಿಕೊಂಡಿದ್ದಳು. ಏಸಿ ಬೆಳಗಿನಿಂದ ಒಂದೇ ಸಮನೆ ಊದುತ್ತಿತ್ತು; ಕಂಪ್ಯೂಟರು ಬಿಸಿಯಾಗುತ್ತದೆಂದು ಅದನ್ನು ಆರಿಸುವಂತೆಯೂ ಇರಲಿಲ್ಲ. ಹೆಡ್ ಗುಮಾಸ್ತರು ಕಿವಿಗೆ ಮಫ್ಲರ್ ಸುತ್ತಿಕೊಂಡು, ಹಲ್ಲು ಕಟಕಟ ಎನ್ನಿಸುತ್ತಲೇ ಅವನಿಗೆ ಸಾಹೇಬರ ಅಪ್ಪಣೆ ತಿಳಿಸಿದರು: ಇವತ್ತೂ ಸರಿಹೋಗದಿದ್ದರೆ ನಾಳೆಯಿಂದ ಈ ಕೆಲಸ ಬೇರೆಯವರಿಗೆ.

ಪಾಪ, ಅವನೂ ಗುತ್ತಿಗೆಯವನೇ. ಹಿಂದಿನ ಮೂರು ಸಲವೂ ಮಧ್ಯಾಹ್ನದ ಮೇಲೆ ಬಂದಿದ್ದ. ಆ ಹೊತ್ತಿಗೆ ಯಂತ್ರ ಹಾಲು ಕುಡಿದ ಕೂಸಿನಂತೆ ತೆಪ್ಪಗಿರುತ್ತಿತ್ತು. ಮರುದಿನ ಬೆಳಗ್ಗೆ ಮತ್ತೆ ಅದೇ ರಾಗ. ಅದಕ್ಕೇ ಇವತ್ತು ಬೆಳಗ್ಗೆಯೇ ಬಂದಿದ್ದ.

ಗಾಳಿ ನೇರವಾಗಿ ಬೀಳುವುದು ಟೈಪಿಸ್ಟ್ ಅಕ್ಕನ ಕುರ್ಚಿಯ ಮೇಲೆ. ಹಳೆಯ ಜನನ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ದಿನಕ್ಕೆ ನೂರೈವತ್ತು ಹೆಸರು. ಬೆರಳು ಮರಗಟ್ಟಿ ನೂರು ದಾಟುವುದೇ ಕಷ್ಟವಾಗಿತ್ತು. ಶನಿವಾರಕ್ಕೆ ಆರು ತಿಂಗಳ ಗುತ್ತಿಗೆ ಮುಗಿಯುತ್ತದೆ. ಗುತ್ತಿಗೆಯವರು ಅದು ಇದು ಎಂದು ದೂರು ಹೇಳಿದರೆ ಮುಂದಿನ ಕಾಗದ ಬರುವುದಿಲ್ಲವೆಂದು ಸೇರಿದ ದಿನವೇ ಕಿವಿಗೆ ಬಿದ್ದಿತ್ತು. ಅದಕ್ಕೇ ಬಾಯಿ ಹೊಲಿದುಕೊಂಡು, ತೀರಿಹೋದ ತಾಯಿಯ ತಾಮ್ರದ ಚೆಂಬಿಗೆ ಬಟ್ಟೆ ಸುತ್ತಿ ತಂದಿದ್ದಳು. ಬಂದೊಡನೆ ಅದಕ್ಕೆ ಬಿಸಿನೀರು ತುಂಬುವುದು, ಹತ್ತು ಹೆಸರಿಗೊಮ್ಮೆ ಎದ್ದು ಬೆರಳು ಕಾಯಿಸುವುದು. ರಿಜಿಸ್ಟರುಗಳ ಹತ್ತಿರ ನೀರಿಡಬಾರದೆಂಬ ನಿಯಮವಿದ್ದುದರಿಂದ ಚೆಂಬಿಗೆ ಗೂಡೇ ಗತಿ. ಚೆಂಬು ಬಂದ ಮೇಲೆ ಚಳಿ ಯಾಕೋ ಹೆಚ್ಚಾಯಿತು. ಅವಳು ನೀರನ್ನು ಇನ್ನಷ್ಟು ಕುದಿಸಿದಳು. ಮಧ್ಯಾಹ್ನಕ್ಕೆ ನೀರು ಆರಿದಾಗ ಚಳಿಯೂ ಇಳಿಯುತ್ತಿತ್ತು. ಅಮ್ಮನ ಪುಣ್ಯ ಎಂದುಕೊಳ್ಳುತ್ತಿದ್ದಳು.

ಮೆಕ್ಯಾನಿಕ್ ಈ ಸಲ ಏಣಿ ಹತ್ತಲೇ ಇಲ್ಲ. ಗೂಡಿನ ಮೇಲೆ ಗೋಡೆಗೆ ಕೂರಿಸಿದ್ದ ಪುಟ್ಟ ಬಿಳಿ ಡಬ್ಬಿಯನ್ನು ಮುಟ್ಟಿ ನೋಡಿದ, ಚೆಂಬಿನಿಂದ ಏಳುತ್ತಿದ್ದ ಹಬೆಯನ್ನು ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ.

"ಅಕ್ಕಾ, ರೂಮಲ್ಲಿ ಸೆಕೆ ಎಷ್ಟಿದೆ ಅಂತ ಏಸಿಗೆ ಹೇಳೋದೇ ಈ ಡಬ್ಬಿ," ಎಂದು ಪಿಸುಗುಟ್ಟಿದ. "ನೀವು ಅದರ ಮೂಗಿನ ಕೆಳಗೇ ಒಲೆ ಹೂಡಿದ್ದೀರಲ್ಲ. ಊರೆಲ್ಲ ಬೇಯ್ತಾ ಇದೆ ಅಂದ್ಕೊಂಡು ಅದು ಊದಿದ್ದೂ ಊದಿದ್ದೇ."

"ಅಂದ್ರೆ ಇಷ್ಟು ದಿನ ಎಲ್ಲರಿಗೂ ಚಳಿ ಹಂಚಿದ್ದು ನಾನೇನಪ್ಪಾ?"

"ಸುಮ್ನಿರಿ. ವೈರ್ ಸಡಿಲ ಆಗಿತ್ತು ಅಂತ ನಾನು ಹೇಳ್ತೀನಿ."

ಅಷ್ಟರಲ್ಲಿ ಸಾಹೇಬರೇ ತಮ್ಮ ಕೋಣೆಯಿಂದ ಹೊರಗೆ ಬಂದರು. ಮೂರು ಸಲ ಕಣ್ಣಿಗೆ ಬೀಳದ ಸಡಿಲ ವೈರು ಇವತ್ತು ಸಿಕ್ಕಿತೆಂದರೆ ಇವನ ಕೆಲಸ ಉಳಿಯುವುದುಂಟೇ? ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಿ ಸಂಜೆ ಯಾವ ಮುಖ ಹೊತ್ತು ದೇವರೆದುರು ಕೂರುವುದು? ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿಬಿಟ್ಟಳು: "ಇವನದ್ದೇನೂ ತಪ್ಪಿಲ್ಲ ಸಾರ್. ಎಲ್ಲ ನನ್ನ ಚೆಂಬಿನ ಕೆಲಸ." ಬೆರಳು, ಹಬೆ, ಡಬ್ಬಿ ಒಂದನ್ನೂ ಬಿಡದೆ ಒಪ್ಪಿಸಿದಳು.

ಹೆಡ್ ಗುಮಾಸ್ತರ ಮಫ್ಲರ್ ಕಿವಿಯಿಂದ ಜಾರಿತು. ಸಾಹೇಬರು ಚೆಂಬನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಅವರ ಕೋಟಿನ ತೋಳಿನಿಂದ ಎರಡು ಸ್ವೆಟರುಗಳ ಅಂಚು, ಒಂದು ನೀಲಿ, ಒಂದು ಕಂದು, ಇಣುಕುತ್ತಿದ್ದವು.

"ಚಳಿ ಅಂತ ಒಂದು ಮಾತು ಹೇಳಬಾರದಿತ್ತೇನಮ್ಮಾ?"

"ಗುತ್ತಿಗೆಯವರು ಹೇಳಬಹುದಾ ಸಾರ್?"

ಸಾಹೇಬರು ಚೆಂಬಿನ ಹಬೆಗೆ ಮುಖವೊಡ್ಡಿದರು. ಬಳಿಕ ಗುಮಾಸ್ತರ ಕಡೆ ತಿರುಗಿ, "ಇವರ ಗುತ್ತಿಗೆ ಬೇಸಿಗೆ ದಾಟೋವರೆಗೂ ಮುಂದುವರಿಸಿ. ಸೆಕೆಗಾಲದಲ್ಲಿ ಈ ಚೆಂಬು ಬೇಕಾಗುತ್ತೆ" ಎಂದರು. ಮೆಕ್ಯಾನಿಕ್ ಏಣಿಗೆ ಮುಖ ಆನಿಸಿ ನಕ್ಕ.

ಅಕ್ಕ ಕಣ್ಣೊರೆಸಿಕೊಂಡು ಚೆಂಬಿಗೆ ಕೈಚಾಚಿದಳು. ಸಾಹೇಬರು ಅದನ್ನು ಎದೆಗವಚಿಕೊಂಡೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.